ಅಂಬಿಗನಿಗೆ ಬೇಡವೆನ್ನಲು ಒಂದು ಕಾಗದ ಬೇಕಾಗಿದೆ

ದೋಣಿಗಳಿಗೆ ಪರವಾನಗಿ ಕೊಡುವ ಸಾಹೇಬರೇ,

‘ಮಾನ್ಯರೇ’ ಎಂದು ಶುರುಮಾಡಬೇಕೆಂಬುದು ನನಗೂ ಗೊತ್ತು. ಅದನ್ನು ನಿಮ್ಮ ಉತ್ತರ ಬಂದ ಮೇಲೆ ಬರೆಯುತ್ತೇನೆ. ವಿಷಯ ಇಷ್ಟು: ವರದಾ ಹೊಳೆಯಲ್ಲಿ ನಮ್ಮೂರ ದೋಣಿ ಬರುವ ಸೋಮವಾರ ಮತ್ತೆ ನೀರಿಗಿಳಿಯುತ್ತದೆ. ಹೋದ ವರ್ಷ ಅದೇ ದೋಣಿ ಮಗುಚಿ ನನ್ನ ಹೆಂಡತಿ ಸರೋಜವ್ವ ತೀರಿಕೊಂಡಳು. ಅಂಬಿಗ ಕುಡಿದಿದ್ದ. ಅವನು ಕುಡಿಯಬಾರದೆಂದು ನೀವು ಆಗಲೂ ಬರೆದಿರಲಿಲ್ಲ, ಈಗಲೂ ಬರೆದಿಲ್ಲ. ಹೊಸ ಬಣ್ಣ ಹಚ್ಚಿಸಿದ್ದೀರಿ, ಕಿತ್ತಳೆ ಬಣ್ಣದ ಜಾಕೆಟ್ಟು ಇಡಿಸಿದ್ದೀರಿ. ಸಂತೋಷ. ಜಾಕೆಟ್ಟು ನೀರಿಗೆ ಬಿದ್ದ ಮೇಲಿನ ಮಾತು. ನಾನು ಕೇಳುತ್ತಿರುವುದು ಬೀಳುವ ಮೊದಲಿನದು.

ದುಂಡಸಿಯಿಂದ ಶಿಗ್ಗಾಂವಿಗೆ ಬೈಕಿನಲ್ಲಿ ಹೋಗುವವನನ್ನು ನಿಲ್ಲಿಸಿ ಬಾಯಿಗೆ ಮಶೀನು ಹಿಡಿಯುತ್ತಾರೆ. ಅವನು ಬಿದ್ದರೆ ಕೆಳಗೆ ನೆಲವಾದರೂ ಇರುತ್ತದೆ. ದೋಣಿಯವನಿಗೆ ಯಾಕಿಲ್ಲ ಎಂದು ನಿಮ್ಮ ಕಚೇರಿಯಲ್ಲಿ ಕೇಳಿದೆ. “ಯಜಮಾನ್ರ, ಅದು ರಸ್ತೇಕ್ಕ ಐತ್ರಿ. ನೀರಿನ ಮ್ಯಾಲೆ ಯಾರು ಊದಸ್ತಾರ್ರಿ?” ಎಂದರು. ರಸ್ತೆಯವರ ಹತ್ತಿರ ಹೋದೆ. “ನೀರು ನಮ್ದಲ್ರಿ” ಎಂದರು. ಕಾಲೇಜಿನಲ್ಲಿ ‘ಟು ಹೂಮ್ ಇಟ್ ಮೇ’ ಎಂದು ಪತ್ರ ಆರಂಭಿಸುವುದನ್ನು ಕಲಿಸಿದ್ದರು. ಮುಂದಿನ ಶಬ್ದ ಮರೆತಿದೆ. ಯಾರಿಗೆ ಸಂಬಂಧವೋ ಅವರಿಗೆ ಎಂದು ಅರ್ಥ. ಯಾರಿಗೂ ಸಂಬಂಧವಿಲ್ಲದಿದ್ದರೆ ಹೇಗೆ ಬರೆಯಬೇಕೆಂದು ಆ ಮಾಸ್ತರರು ಹೇಳಿಕೊಡಲಿಲ್ಲ. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಮ್ಮಲ್ಲೊಂದು ಪದ್ಧತಿಯಿದೆ. ಮದುಮಗಳು ಹೊಳೆ ದಾಟುವಾಗ ಅಂಬಿಗನಿಗೆ ‘ಗಂಗವ್ವನ ಪಾಲು’ ಕೊಡಬೇಕು. ಹಿಂದೆ ಕೊಬ್ಬರಿ ಬೆಲ್ಲ ಇತ್ತಂತೆ. ನಾನು ಬಲ್ಲಂದಿನಿಂದ ಕ್ವಾರ್ಟರ್ ಬಾಟ್ಲಿ. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮಂದಿ, ಅದನ್ನು ಮುಟ್ಟುವುದಿಲ್ಲ. ಮುಟ್ಟದಂತೆ ಅರಿವೆಯಲ್ಲಿ ಸುತ್ತಿ ಕೊಡುತ್ತೇವೆ. ಕೊಡದಿದ್ದರೆ ಸೊಸೆಗೆ ಒಳ್ಳೆಯದಾಗುವುದಿಲ್ಲ. ಹಾಗೆ ಯಾರು ಹೇಳಿದರೋ, ಅವರು ಈಗಿಲ್ಲ.

ಅವತ್ತು ನನ್ನ ತಮ್ಮನ ಮಗ ಲೋಹಿತನ ಮದುಮಗಳು ತನುಜಾಳನ್ನು ಕರೆತರುತ್ತಿದ್ದೆವು. ಹೆಂಗಸರು ಮೊದಲು ಹೋಗಲಿ ಎಂದು ಗಂಡಸರು ದಡದಲ್ಲಿ ನಿಂತಿದ್ದೆವು. ನಡುಹೊಳೆಯಲ್ಲಿ ಅಂಬಿಗ ಯಲ್ಲಪ್ಪ ಹುಟ್ಟು ನಿಲ್ಲಿಸಿದ.

“ಏನ್ ಬೀಗತೇರ, ದೋಣಿ ಮುಂದಕ್ಕ ಹೋಗವಲ್ದು! ಗಂಗವ್ವಗ ಬಾಯಿ ಒಣಗೇತಿ!”

“ಗಂಗವ್ವಗೋ ನಿನಗೋ? ಹಿಡಿ, ನಮ್ಮ ಸೊಸಿ ನಡುನೀರಾಗ ಸಂಸಾರ ಹೂಡಬೇಕೇನ?”

ಇದು ಸರೋಜವ್ವ. ಎಲ್ಲರೂ ನಕ್ಕದ್ದು ದಡದ ತನಕ ಕೇಳಿತು. ನಮ್ಮ ಕಡೆಯಿಂದ ಹೋಯಿತಲ್ಲ, ಹೆಣ್ಣಿನ ಕಡೆಯವರು ಹಿಂದೆ ಬಿದ್ದಾರೆಯೇ? ಅವರೂ ಕೊಟ್ಟರು. ಯಲ್ಲಪ್ಪ ಎರಡನ್ನೂ ಅಲ್ಲಿಯೇ ಮುಗಿಸಿ, ಎದ್ದು ನಿಂತು ಪದ ಹಾಡಿದ. ಹುಟ್ಟು ಕೈಜಾರಿತು. ಹಿಡಿಯಲು ಬಾಗಿದ. ಎಲ್ಲರೂ ಆ ಕಡೆಗೇ ವಾಲಿ ನೋಡಿದರು. ದೋಣಿಯೂ ವಾಲಿತು. ಮದುಮಗಳನ್ನು ಎಳೆದು ತಂದವನು ಯಲ್ಲಪ್ಪನೇ. ಉಳಿದವರನ್ನು ಈಸು ಬರುವ ಹುಡುಗರು ತಂದರು. ಸರೋಜವ್ವ ಸಿಗಲಿಲ್ಲ. ಒದ್ದೆಯಾಗುತ್ತವೆಂದು ಚಪ್ಪಲಿಗಳನ್ನು ನನ್ನ ಕೈಗೆ ಕೊಟ್ಟು ಹತ್ತಿದ್ದಳು. ಸಂಜೆಯ ತನಕ ಹಿಡಿದುಕೊಂಡೇ ಇದ್ದೆನಂತೆ. ನನಗೆ ನೆನಪಿಲ್ಲ.

ಕಾರಣ ಗಾಳಿ ಮತ್ತು ಸೆಳವು ಎಂದು ನಿಮ್ಮವರು ಬರೆದುಕೊಂಡರು. ಒಬ್ಬರು ‘ಆಕ್ಟ್ ಆಫ್ ಗಾಡ್’ ಎಂದು ನನಗೆ ತಿಳಿಸಿಯೂ ಹೇಳಿದರು. ಅವತ್ತು ಎಲೆ ಅಲ್ಲಾಡುವಷ್ಟು ಗಾಳಿ ಇರಲಿಲ್ಲ. ಆದರೂ ದೇವರ ಮೇಲೆ ಹಾಕಿದರೆ ಸಮನ್ಸ್ ಕಳಿಸುವ ತಾಪತ್ರಯವಿಲ್ಲ, ನೋಡಿರಿ.

ನನಗೆ ಸಿಟ್ಟು ಬರಬೇಕಿತ್ತು. ಬರುತ್ತಿಲ್ಲ. ಮೊನ್ನೆ ಯಲ್ಲಪ್ಪ ಬಂದು ನಮ್ಮ ಕಟ್ಟೆಯ ಮೇಲೆ ಕುಂತ; ಸೋಮವಾರವೂ ಹುಟ್ಟು ಹಿಡಿಯುವವನು ಅವನೇ. ಅವನಿಗೂ ಚಹಾ ಮಾಡಿ ಕೊಟ್ಟೆ. “ಕಾಕಾ, ಬ್ಯಾಡ ಅಂದ್ರ ಬೀಗರು ಮುನಿಸ್ಕೋತಾರ. ಪೊಲೀಸರು ಹಿಡೀತಾರ ಅನ್ನಾಕಾದ್ರೂ ಒಂದು ಕಾನೂನು ಇದ್ದಿದ್ರ ತಪ್ಪಿಸ್ಕೋತಿದ್ದೆ” ಎಂದ. ಕಾನೂನು ಕುಡುಕರಿಗಾಗಿ ಎಂದು ನೀವು ತಿಳಿದಿರಬಹುದು. ಅಲ್ಲ, ಸಾಹೇಬರೇ. ಬೇಡವೆನ್ನಲು ಬಾಯಿ ಬಾರದ ಮರ್ಯಾದಸ್ಥರಿಗಾಗಿ ಅದು ಬೇಕು.

ನಿನ್ನೆ ಊರ ಹಿರಿಯ ಗೋಣೆಪ್ಪ ಬಂದಿದ್ದ. ಸೋಮವಾರ ತಿಳವಳ್ಳಿ ಕಡೆಯ ಒಂದು ದಿಬ್ಬಣ ದಾಟುತ್ತದೆ. “ಉಳವಪ್ಪಣ್ಣ, ಮೊದಲ ಪಾಲು ನಿನ್ನ ಕೈಲೆ ಆಗ್ಲಿ. ಹೊಳಿ ಮ್ಯಾಲಿನ ಸಿಟ್ಟು ಬಿಟ್ಟಿ ಅಂತ ಮಂದೀಗ ಗೊತ್ತಾಗ್ಲಿ.”

“ನನಗ ಸಿಟ್ಟಿಲ್ಲೋ” ಎಂದೆ.

“ಹಂಗಾರ ಆತಲ್ಲ” ಎಂದು ಎದ್ದು ಹೋದ.

ಆದ್ದರಿಂದ ಸೋಮವಾರದೊಳಗೆ ಆದೇಶ ಹೊರಡಿಸಿರಿ: ಹುಟ್ಟು ಹಿಡಿದವನು ಕುಡಿಯಕೂಡದು, ಅವನಿಗೆ ಕುಡಿಯಲು ಕೊಟ್ಟವನೂ ತಪ್ಪಿತಸ್ಥ. ಕೊಟ್ಟವನನ್ನು ಮರೆಯಬೇಡಿರಿ. ಒಂದು ಪ್ರತಿಯನ್ನು ನನ್ನ ವಿಳಾಸಕ್ಕೆ ಕಳಿಸಿರಿ, ದಡದಲ್ಲಿ ಎಲ್ಲರೆದುರು ಓದುತ್ತೇನೆ. ಅದು ಬಾರದಿದ್ದರೆ ನನ್ನ ಕೈಗೆ ಬಾಟ್ಲಿ ಕೊಡುತ್ತಾರೆ, ನಾನು ಯಲ್ಲಪ್ಪನಿಗೆ ಕೊಡುತ್ತೇನೆ. ನನ್ನನ್ನು ನಾನು ಬಲ್ಲೆ.

ಇಂತಿ,
ಬೇಡವೆಂದು ಹೇಳಲು ನಿಮ್ಮ ಅಪ್ಪಣೆಗೆ ಕಾದಿರುವ
ಉಳವಪ್ಪ, ಬಿ.ಎ.,
ದಿವಂಗತ ಸರೋಜವ್ವನ ಗಂಡ