ಉಗುರು ಚುಚ್ಚಿದ ಕಿರುಬೆರಳು

ಮಂಗಳವಾರ, ಹನ್ನೆರಡನೇ ತಾರೀಖು

ಪಾರ್ಶ್ವವಾಯು ಬಡಿದು ಮೂರು ತಿಂಗಳಾದರೂ ಇವರ ಎಡಪಾದಕ್ಕೆ ಸ್ಪರ್ಶವೇ ತಿಳಿಯುತ್ತಿಲ್ಲ. ನೆಲ ತಿಳಿಯದ ಕಾಲು ಹೆಜ್ಜೆ ಇಡುವುದು ಹೇಗೆ ಎಂಬುದೇ ನನ್ನ ಕೊರಗು.

ಯೋಗ ಕಲಿಸುವ ಮೊಮ್ಮಗಳು ಇವತ್ತು ಬಂದಳು. ಇವರನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, "ತಾತಾ, ಬೆರಳು ಅಗಲಿಸಿ ನೋಡೋಣ" ಎಂದಳು. ಇವರು ಎರಡೂ ಕೈ ಎತ್ತಿ ಹತ್ತು ಬೆರಳನ್ನೂ ಅಗಲಿಸಿಬಿಟ್ಟರು!

"ಅಯ್ಯೋ, ಕೈದಲ್ಲ, ಕಾಲಿಂದು!"

"ಹಾಗಂತ ಮೊದಲೇ ಹೇಳ್ಬೇಕಲ್ಲಮ್ಮಾ, ನಂಗೇನು ಕನಸು ಬೀಳುತ್ತಾ?"

ನಕ್ಕೂ ನಕ್ಕೂ ಸಾಕಾಯಿತು. ಆದರೆ ಎಡಗಾಲಿನ ಬೆರಳು ಮಿಸುಕಲಿಲ್ಲ.

"ಅಜ್ಜಿ, ನಿಮ್ಮ ಕೈಬೆರಳನ್ನ ಆ ಸಂದಿಗಳಲ್ಲಿ ತೂರಿಸಿ, ಮೆಲ್ಲಗೆ ಬಿಡಿಸಿ" ಎಂದಳು.

ಐವತ್ತು ವರ್ಷ ಸಂಸಾರ ಮಾಡಿಯೂ ಇವರ ಪಾದವನ್ನು ಮಡಿಲಲ್ಲಿಟ್ಟುಕೊಂಡಿದ್ದು ಇದೇ ಮೊದಲು. ಬೀದಿ ಬೀದಿ ಕಾಗದ ಹಂಚಿದ ಅಂಚೆಯವರ ಕಾಲು. ಬೂಟಿನೊಳಗೆ ಇದ್ದೂ ಇದ್ದೂ ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿವೆ. ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬಿಡಿಸಿದೆ. "ಗೊತ್ತಾಯ್ತಾ?" "ಇಲ್ಲ." "ಈಗ?" "ಇಲ್ಲ ಕಣೇ." ಕೊನೆಯದನ್ನು ಸುಮ್ಮನೇ ಹಿಡಿದೆ.

"ಅದು ಕಿರುಬೆರಳು! ನಿನ್ನ ಉಗುರು ಚುಚ್ತಿದೆ, ಕತ್ತರಿಸ್ಕೊಳ್ಳೇ!"

ಕತ್ತರಿಸಿಕೊಂಡಿಲ್ಲ. ನಾಳೆ ಉಳಿದ ನಾಲ್ಕಕ್ಕೂ ಚುಚ್ಚಿ ನೋಡಬೇಕು.