ನೀಲಗಂಗವ್ವನ ಬುಟ್ಟಿ ಎಷ್ಟು ಹಿಡಿಯುತ್ತಿತ್ತು?

ಕರೇಹೊಲ
ಹದಿಮೂರನೇ ತಿಂಗಳ ಐದನೇ ದಿನ, ಇಸವಿ ಎರಡು ಸಾವಿರದ ಇನ್ನೂರ ತೊಂಬತ್ತು

ನೀಲಗಂಗವ್ವನವರಿಗೆ,

ನಿಮ್ಮ ಕಾಲಕ್ಕೆ ಹನ್ನೆರಡೇ ತಿಂಗಳಿದ್ದವೆಂದು ಓದಿದ್ದೇನೆ. ಎರಡನೇ ಬಿತ್ತನೆಗೆಂದು ನಾವು ಒಂದನ್ನು ಸೇರಿಸಿಕೊಂಡೆವು. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಇರಾವತಿ, ಈ ಊರಿನ ಮಣ್ಣೋದುಗಿ. ನೆಲಕ್ಕೆ ಉಸಿರ್ಗೋಲು ಚುಚ್ಚಿ, ಒಳಗಿನ ಎರೆಹುಳುಗಳೂ ಕಣ್ಣಿಗೆ ಕಾಣದ ಜೀವಿಗಳೂ ಎಷ್ಟು ಉಸಿರಾಡುತ್ತಿವೆ ಎಂದು ಬರೆದಿಡುವುದು ನನ್ನ ಕೆಲಸ.

ನಿಮ್ಮ ಜೋಳದ ಹೊಲದ ಮೂರು ಪಟ್ಟಿಗಳು ಇನ್ನೂ ಇವೆ. ಒಂದಕ್ಕೆ ತಿಪ್ಪೆಗೊಬ್ಬರ ಮಾತ್ರ, ಇನ್ನೊಂದಕ್ಕೆ ಯೂರಿಯಾ ಮಾತ್ರ, ನಡುವಿನದಕ್ಕೆ ಎರಡೂ. ನೀವು ಬರೆದ ನೋಟ್‌ಬುಕ್ಕು ನನ್ನ ಮೇಜಿನ ಮೇಲಿದೆ. ಊರಲ್ಲಿ ಈಗಲೂ ತಿಪ್ಪೆಯವರು, ಯೂರಿಯಾ ಚೀಲದವರು ಎಂದು ಎರಡು ಪಂಗಡ. ಮದುವೆ ಮನೆಯಲ್ಲೂ ಜೋಳ ಯಾವ ಗೊಬ್ಬರದ್ದೆಂದು ವಿಚಾರಿಸದೆ ಊಟಕ್ಕೆ ಕೂರುವುದಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು. ಯೂರಿಯಾ ಬೆಳೆಗೆ ಬೇಗ ಉಣಿಸುತ್ತದೆ, ತಿಪ್ಪೆಗೊಬ್ಬರ ಆ ಸತ್ವವನ್ನೂ ನೀರನ್ನೂ ಮಣ್ಣಲ್ಲಿ ಹಿಡಿದಿಡುತ್ತದೆ. ಅದನ್ನು ನೀವು ಒಂದೇ ಸಾಲಿನಲ್ಲಿ ಹೇಳಿದ್ದೀರಿ: "ಎರಡೂ ಕೂಡಿಸಿ ಹಾಕಿದ್ರ ತೆನಿ ಮುಷ್ಟ್ಯಾಗ ಹಿಡಿಸವಲ್ದು."

ಆದರೆ ನಡುವಿನ ಪಟ್ಟಿಯ ಯೂರಿಯಾಕ್ಕೆ ಕಿಲೋ ಲೆಕ್ಕ ಬರೆದ ನೀವು, ಗೊಬ್ಬರಕ್ಕೆ ಬರೀ "ಇಪ್ಪತ್ತು ಬುಟ್ಟಿ" ಎಂದಿರಿ. ನಿಮ್ಮ ಮನೆಯ ಅಟ್ಟದಲ್ಲಿ ಸಿಕ್ಕ ಒಂದೇ ಒಂದು ಬುಟ್ಟಿಯನ್ನು ಹಿರಿಯರು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಎಂಬತ್ತು ವರ್ಷಗಳಿಂದ ಪ್ರತಿ ಬಿತ್ತನೆಗೂ ಕೈಮುಗಿದು, ಅದೇ ಅಳತೆಯಲ್ಲಿ ಇಪ್ಪತ್ತು ಬುಟ್ಟಿ ಗೊಬ್ಬರ ಎಣಿಸಿ ಹಾಕುತ್ತ ಬಂದಿದ್ದಾರೆ. ನಡುವಿನ ಪಟ್ಟಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ, ಉಸಿರು ಇಳಿಯುತ್ತಿದೆ. ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಕಳೆದ ವಾರ ಧೂಳು ಒರೆಸಲು ಅದನ್ನು ಹೊರತೆಗೆದೆ. ಹೆಣಿಗೆಯ ಸಂದಿಯಲ್ಲಿ ಜೋಳದ ಹಿಟ್ಟು, ಎರಡು ಎಳ್ಳು. ಸಗಣಿಯ ಎಳೆ ಒಂದೂ ಇಲ್ಲ. ಅದು ನಿಮ್ಮ ರೊಟ್ಟಿ ಬುಟ್ಟಿ, ನೀಲಗಂಗವ್ವ! ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಆ ಪಟ್ಟಿಯನ್ನು ನೆನೆದು ಅತ್ತೆ. ಗೊಬ್ಬರದ ಬುಟ್ಟಿ ಇದಕ್ಕಿಂತ ಎಷ್ಟೋ ದೊಡ್ಡದಿದ್ದಿರಬೇಕು; ಪಾಪದ ಮಣ್ಣು, ಎಂಬತ್ತು ವರ್ಷ ಅರೆಹೊಟ್ಟೆಯಲ್ಲಿತ್ತು.

ಓಡಿಹೋಗಿ ಊರ ಸಭೆಯ ಹಿರಿಯ ಚೆನ್ನವೀರಪ್ಪನವರಿಗೆ ಹೇಳಿದೆ. ಹಾಗಾದರೆ ಸರಿಯಾದ ಬುಟ್ಟಿ ಎಷ್ಟು ಹಿಡಿಯುತ್ತಿತ್ತು ಎಂದು ಕೇಳಿದರು. ನಿಮ್ಮ ನೋಟ್‌ಬುಕ್ಕನ್ನು ಮತ್ತೆ ಮೊದಲಿನಿಂದ ತಿರುವಿದೆ, ತೂಕ ಎಲ್ಲೂ ಇರಲಿಲ್ಲ. ಈ ಸಲವೂ ತೆನೆ ತುಂಬದಿದ್ದರೆ ಸಭೆಯವರು ಎರಡನ್ನೂ ಕೂಡಿಸುವುದೇ ತಪ್ಪೆಂದು ಬರೆದು, ಆ ಮಣ್ಣನ್ನು ಅಗೆದು ಇಟ್ಟಿಗೆ ಮಾಡಲು ಕೊಡುತ್ತಾರೆ. ಬೇರೆಬೇರೆ ತೂಕ ಹಾಕಿ ನೋಡೋಣವೆಂದರೆ ಉಳಿದಿರುವುದು ಒಂದೇ ಬಿತ್ತನೆ.

ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟ ಖಾಲಿಯಿದೆ. ಈ ಕಾಗದ ಹೇಗಾದರೂ ತಲುಪಿದರೆ, ಹೊಲಕ್ಕೆ ಹೊರಡುವ ಮುಂಚೆ ಗೊಬ್ಬರದ ಬುಟ್ಟಿಯನ್ನು ತುಂಬಿಸಿ ಒಮ್ಮೆ ತೂಗಿ, ಎಷ್ಟೆಂದು ಅಲ್ಲಿ ಬರೆದುಬಿಡಿ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಆ ಪುಟ ತೆರೆದು ನೋಡುತ್ತೇನೆ.

ಇವತ್ತೂ ಖಾಲಿಯಿತ್ತು. ನಾಡಿದ್ದು ಬಿತ್ತನೆ.

ನಿಮ್ಮ,
ಇರಾವತಿ