ದೂರು ಬಾರದ ಗಡಿಯಾರ

ಭಾನುವಾರ, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ಬೇರೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಕೋರ್ಟಿನ ಕಾಗದದಲ್ಲಿರುವ ಹೆಸರು ನನ್ನ ಬಾಯಿಗೆ ಬರುವುದಿಲ್ಲ.

ಹೆದರಬೇಡಿ, ಇದು ಮನೆಯ ವಿಷಯವಲ್ಲ, ನಮ್ಮ ಡೆಸ್ಕ್‌ಟಾಪಿನದು. ನೀವು ಬಿಟ್ಟ ಮೇಲೂ ಹಳೆಯ ಕಂಪ್ಯೂಟರುಗಳಿಗೆಂದು ನಾವು ಕಟ್ಟಿದ ಆ ತಂತ್ರಾಂಶವನ್ನು ಪುಕ್ಕಟೆಯಾಗಿ ಹಂಚುತ್ತಲೇ ಇದ್ದೇವೆ. ನಾನು, ಔಷಧಿ ಅಂಗಡಿಯಾಕೆ, ಆಮೇಲೆ ಬಂದು ಸೇರಿದ ಲೆಕ್ಕದ ಮೇಷ್ಟ್ರು, ಇಷ್ಟೇ ಜನ. ಈಗ ಅದರ ತಳಪಾಯವೇ ಬದಲಾಗಿದೆ, ಪ್ರತಿ ಅಪ್ಲಿಕೇಶನ್ನನ್ನೂ ಹೊಸದಾಗಿ ಹೊಂದಿಸಬೇಕು. ಅಷ್ಟೆಲ್ಲ ನಮ್ಮ ಕೈಲಾಗದು. ಯಾವುದನ್ನು ಉಳಿಸುವುದು, ಯಾವುದನ್ನು ಕೈಬಿಡುವುದು ಎಂದು ಶುಕ್ರವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಟಾನಿಕ್ ಡಬ್ಬಗಳ ಮಧ್ಯೆ ಕೂತೆವು.

ಯಾರು ಏನು ಬಳಸುತ್ತಾರೆಂದು ಕದ್ದು ನೋಡಬಾರದು ಅನ್ನುವುದು ನೀವೇ ಹಾಕಿದ ನಿಯಮ. ಹಾಗಾಗಿ ನಮಗೆ ದೂರುಗಳೇ ಗತಿ. ದೂರು ಬಂದರೆ ಯಾರೋ ಬಳಸುತ್ತಿದ್ದಾರೆಂದು ಅರ್ಥ. ನೀವೂ ಬರೆಯುತ್ತಿದ್ದಿರಲ್ಲ, ಪಕ್ಕದಲ್ಲೇ ಕೂತ ನನಗೆ, "ತಪ್ಪು ತಿಳೀಬೇಡಿ ಮೇಡಮ್ಮೋರೇ" ಎಂದು ಶುರುಮಾಡಿ! ಪುಟ್ಟಿ ಬಿದ್ದು ಬಿದ್ದು ನಗುತ್ತಿದ್ದಳು.

ಪತ್ರ ಬರೆಯುವ ಅಪ್ಲಿಕೇಶನ್ ಉಳಿಯಿತು. ಚಿತ್ರ ನೋಡುವ ಅಪ್ಲಿಕೇಶನ್ನಿಗಾಗಿ ಔಷಧಿ ಅಂಗಡಿಯಾಕೆ ಜಗಳವಾಡಿದಳು, ಅದೂ ಉಳಿಯಿತು. ಕೊನೆಗೆ ನಿಮ್ಮ ಗಡಿಯಾರದ ಸರದಿ. ಗಂಟೆಗೊಮ್ಮೆ ಪುಟ್ಟಿಯ ದನಿಯಲ್ಲಿ "ಸಾಕು ಏಳಿ, ಕಣ್ಣು ನೋಯುತ್ತೆ" ಅನ್ನುವ ಗಡಿಯಾರ. ಅವಳು ತೀರಿಕೊಂಡ ಮೇಲೆ ಅದರ ಬಗ್ಗೆ ಒಂದೂ ದೂರಿಲ್ಲ, ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದೀರಿ. ಮೇಷ್ಟ್ರಿಗೆ ಅದು ಯಾರ ದನಿಯೆಂದು ಗೊತ್ತಿಲ್ಲ, ಪಾಪ. "ಇದನ್ನ ಯಾರಾದ್ರೂ ಬಳಸ್ತಾರೇನಮ್ಮಾ?" ಎಂದು ಕೇಳಿದರು.

ನಾನು ದಿನವೂ ಕೇಳುತ್ತೇನೆ. ಹಾಗೆಂದು ಹೇಳಲು ಹೋದೆ, ಹೇಳಿದರೆ ಯಾರ ದನಿಯೆಂದೂ ಹೇಳಬೇಕಿತ್ತು. ಇಲ್ಲವೆಂದು ತಲೆಯಾಡಿಸಿಬಿಟ್ಟೆ. ಔಷಧಿ ಅಂಗಡಿಯಾಕೆ ನನ್ನ ಮುಖ ನೋಡಿ, ಪಟ್ಟಿಯಲ್ಲಿ ಗಡಿಯಾರವನ್ನು ಹೊಡೆದುಹಾಕಿದಳು. ನಿನ್ನೆ ಸಂಜೆ ಗಡಿಯಾರವಿಲ್ಲದ ಹೊಸ ಆವೃತ್ತಿಯನ್ನು ಹೊರಬಿಟ್ಟೆವು.

ಮಗಳನ್ನು ಇನ್ನೊಮ್ಮೆ ಕಳಿಸಿಕೊಟ್ಟ ಹಾಗಾಗಿದೆ. ಬೇರೆಯವರಿಂದ ನಿಮಗೆ ತಿಳಿಯಬಾರದೆಂದು ಬರೆಯುತ್ತಿದ್ದೇನೆ. ಅವಳ ಹೆಸರೆತ್ತಿದರೆ ಇನ್ನೊಬ್ಬರಿಗೆ ನೋವಾದೀತೆಂದು ಬಾಯಿ ಮುಚ್ಚಿಕೊಂಡೇ ನಾವು ಸಂಸಾರ ಕಳೆದುಕೊಂಡೆವು. ಈಗ ಇದನ್ನೂ ಹಾಗೇ ಕಳೆದೆ. ಸಿಟ್ಟು ಬಂದರೆ ಬೈದು ಬರೆಯಿರಿ, ಓದುತ್ತೇನೆ.

ಇಂತಿ,
ಪುಟ್ಟಿಯ ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ದೂರುಗಳನ್ನು ನೋಡಿದೆ. ಹೊಸದು ಒಂದೇ ಬಂದಿದೆ, ಕೆಳಗೆ ಹೆಸರಿಲ್ಲ. "ತಪ್ಪು ತಿಳೀಬೇಡಿ ಮೇಡಮ್ಮೋರೇ, ಬೆಳಗ್ಗೆಯಿಂದ ಮಗು ಮಾತಾಡ್ತಿಲ್ಲ." ಗಡಿಯಾರವನ್ನು ವಾಪಸು ಸೇರಿಸುತ್ತಿದ್ದೇನೆ. ಬಳಸುವವರು ಇಬ್ಬರಿದ್ದಾರೆಂದು ಮೇಷ್ಟ್ರಿಗೆ ಹೇಳುತ್ತೇನೆ.